ಪದವಿ ವಿದ್ಯಾರ್ಥಿಗಳ ವೃತ್ತಿ ಸಿದ್ಧತೆ

ವೃತ್ತಿ ಸಿದ್ಧತೆ ಎಂದರೆ ಕಾಲೇಜಿನಲ್ಲಿ ಓದುತ್ತಿರುವ ವಿದ್ಯಾರ್ಥಿಯು ದುಡಿಮೆಯ ಲೋಕವನ್ನು ಪ್ರವೇಶಿಸಲು ಬೇಕಾದ ತಿಳಿವಳಿಕೆ, ಕೆಲಸದ ಅಭ್ಯಾಸ, ಭಾಷಾಸಾಮರ್ಥ್ಯ ಮತ್ತು ದಾಖಲೆಪತ್ರಗಳನ್ನು ವ್ಯಾಸಂಗದ ಅವಧಿಯಲ್ಲಿಯೇ ಹೊಂದಿಸಿಕೊಳ್ಳುವ ಕ್ರಮ. ಉದ್ಯೋಗ ಮಾರ್ಗದರ್ಶನ, ಇಂಟರ್ನ್‌ಶಿಪ್, ಶಿಶಿಕ್ಷು ತರಬೇತಿ (ಅಪ್ರೆಂಟಿಸ್‌ಶಿಪ್), ಸಂದರ್ಶನದ ಅಭ್ಯಾಸ, ಸ್ವಉದ್ಯೋಗ ತರಬೇತಿ ಮೊದಲಾದುವು ಇದರ ಅಂಗಗಳು. ಕರ್ನಾಟಕದಲ್ಲಿ ಎಂಜಿನಿಯರಿಂಗ್ ಮತ್ತು ವೈದ್ಯಕೀಯ ಶಿಕ್ಷಣದೊಳಗೆ ಈ ಸಿದ್ಧತೆ ಬಹುಮಟ್ಟಿಗೆ ಅಡಕವಾಗಿರುತ್ತದೆ. ಬಿ.ಎ., ಬಿ.ಕಾಂ., ಬಿ.ಎಸ್ಸಿ. ಓದುವವರ ಸ್ಥಿತಿ ಹಾಗಿಲ್ಲ. ಅವರು ಅದನ್ನು ಹೊರಗಿನಿಂದ ಹುಡುಕಿಕೊಳ್ಳಬೇಕಾಗುತ್ತದೆ. ಈ ಲೇಖನವು ಮುಖ್ಯವಾಗಿ ಅವರಿಗೆ ಸಂಬಂಧಿಸಿದ ವ್ಯವಸ್ಥೆಗಳನ್ನು, ಅದರಲ್ಲಿಯೂ ಕಾನೂನಿನ ಬಲವಿದ್ದರೂ ತಾಲ್ಲೂಕು ಕಾಲೇಜುಗಳಲ್ಲಿ ಅಷ್ಟಾಗಿ ಪರಿಚಿತವಲ್ಲದ ಶಿಶಿಕ್ಷು ತರಬೇತಿಯನ್ನು ಕುರಿತದ್ದು.

ಪರಿಕಲ್ಪನೆ

ಕನ್ನಡದಲ್ಲಿ ಕಸುಬು, ಉದ್ಯೋಗ, ವೃತ್ತಿ, ನೌಕರಿ, ಕೆಲಸ ಎಂಬ ಪದಗಳು ಒಂದರ ಬದಲಿಗೆ ಇನ್ನೊಂದಾಗಿ ಬಳಕೆಯಾಗುತ್ತವೆಯಾದರೂ ಅವುಗಳ ಅರ್ಥದಲ್ಲಿ ಸೂಕ್ಷ್ಮ ವ್ಯತ್ಯಾಸವಿದೆ. ಕಸುಬು ಕೈಯಿಂದ ಕೈಗೆ, ಮನೆಯಲ್ಲಿಯೋ ಗುರುವಿನ ಬಳಿಯೋ ಕಲಿತದ್ದು. ನೌಕರಿ ಇನ್ನೊಬ್ಬರ ಅಧೀನದಲ್ಲಿ ಸಂಬಳಕ್ಕಾಗಿ ಮಾಡುವಂಥದು. ವೃತ್ತಿ ಎಂಬುದು ಇವೆರಡನ್ನೂ ಒಳಗೊಂಡು, ಮನುಷ್ಯನ ಇಡೀ ದುಡಿಮೆಯ ಬಾಳನ್ನು ಸೂಚಿಸಬಲ್ಲದು. ಬಡಗಿ, ಕಮ್ಮಾರ, ಅಕ್ಕಸಾಲಿ, ನೇಕಾರರ ಮನೆಗಳಲ್ಲಿ ಮಗು ಉಪಕರಣಗಳ ನಡುವೆಯೇ ಬೆಳೆಯುತ್ತಿದ್ದುದರಿಂದ ‘ಸಿದ್ಧತೆ’ ಎಂಬ ಪ್ರತ್ಯೇಕ ಹಂತವೇ ಇರಲಿಲ್ಲ. ಓದುವ ಸ್ಥಳ ಮತ್ತು ದುಡಿಯುವ ಸ್ಥಳ ಬೇರೆ ಬೇರೆಯಾದ ಮೇಲೆ ಅವೆರಡರ ನಡುವಿನ ದೂರವನ್ನು ದಾಟಿಸುವ ಪ್ರಶ್ನೆ ಹುಟ್ಟಿಕೊಂಡಿತು.

ಆಧುನಿಕ ವೃತ್ತಿ ಮಾರ್ಗದರ್ಶನದ ಆರಂಭಕಾರರಲ್ಲಿ ಅಮೆರಿಕದ ಫ್ರಾಂಕ್ ಪಾರ್ಸನ್ಸ್ ಮುಖ್ಯನು. ಆತನು 1908ರಲ್ಲಿ ಬಾಸ್ಟನ್ ನಗರದಲ್ಲಿ ವೃತ್ತಿ ಮಾರ್ಗದರ್ಶನ ಕೇಂದ್ರವೊಂದನ್ನು ತೆರೆದನು. ಆತನ ಗ್ರಂಥವು ಮರುವರ್ಷ, ಆತನ ಮರಣಾನಂತರ ಪ್ರಕಟವಾಯಿತು. ತನ್ನ ಶಕ್ತಿ ಮತ್ತು ಮಿತಿಗಳನ್ನು ಅರಿಯುವುದು, ವಿವಿಧ ಕೆಲಸಗಳ ಸ್ವರೂಪವನ್ನು ತಿಳಿಯುವುದು, ಇವೆರಡನ್ನೂ ತೂಗಿ ನೋಡಿ ತೀರ್ಮಾನಿಸುವುದು ಎಂಬ ಮೂರು ಹೆಜ್ಜೆಗಳನ್ನು ಆತನು ಸೂಚಿಸಿದನು. ನಮ್ಮ ಕಾಲೇಜುಗಳ ಕಾರ್ಯಾಗಾರಗಳಲ್ಲಿ ಮೊದಲನೆಯ ಹೆಜ್ಜೆಗೆ ದೊರೆಯುವ ಸಮಯ ಎರಡನೆಯದಕ್ಕೆ ದೊರೆಯುವುದಿಲ್ಲ. ‘ನಿಮ್ಮನ್ನು ನೀವು ಅರಿಯಿರಿ’ ಎಂದು ಹೇಳುವವರು ಬಹಳ. ಜಿಲ್ಲಾ ಸಹಕಾರಿ ಬ್ಯಾಂಕಿನ ಗುಮಾಸ್ತ ಬೆಳಗಿನಿಂದ ಸಂಜೆಯವರೆಗೆ ಏನು ಮಾಡುತ್ತಾನೆ ಎಂದು ತಿಳಿಸುವವರು ವಿರಳ.

ಇಂದು ಎಲ್ಲೆಡೆ ಕೇಳಿಬರುವ ‘ಸಾಫ್ಟ್ ಸ್ಕಿಲ್ಸ್’ ಎಂಬ ಪದವು ಅಮೆರಿಕದ ಸೈನ್ಯದ ತರಬೇತಿ ವಿಭಾಗದಲ್ಲಿ 1970ರ ಆಸುಪಾಸಿನಲ್ಲಿ ಬಳಕೆಗೆ ಬಂದದ್ದು. ಯಂತ್ರಗಳೊಂದಿಗೆ ಅಷ್ಟಾಗಿ ಸಂಬಂಧವಿಲ್ಲದ, ಜನರೊಂದಿಗೆ ಮತ್ತು ಕಾಗದಪತ್ರಗಳೊಂದಿಗೆ ವ್ಯವಹರಿಸುವ ಕೆಲಸಗಳನ್ನು ಆ ಹೆಸರಿನಿಂದ ಗುರುತಿಸುತ್ತಿದ್ದರು. ನಗುಮುಖ, ಹಸ್ತಲಾಘವ, ಕೋಟು–ಟೈಗಳಿಗೆ ಅದು ಸೀಮಿತವಾದದ್ದು ಅನಂತರದ ಬೆಳವಣಿಗೆ.

ಭಾರತದಲ್ಲಿ ಬೆಳೆದು ಬಂದ ಬಗೆ

ಎರಡನೆಯ ಮಹಾಯುದ್ಧದಿಂದ ಹಿಂದಿರುಗಿದ ಸೈನಿಕರಿಗೆ ಕೆಲಸ ಒದಗಿಸುವ ಉದ್ದೇಶದಿಂದ 1945ರಲ್ಲಿ ಭಾರತದಲ್ಲಿ ಉದ್ಯೋಗ ವಿನಿಮಯ ಕಚೇರಿಗಳು ಪ್ರಾರಂಭವಾದವು. ದೇಶವಿಭಜನೆಯ ಬಳಿಕ ನಿರಾಶ್ರಿತರಿಗೂ ಆಮೇಲೆ ಎಲ್ಲ ಉದ್ಯೋಗಾಕಾಂಕ್ಷಿಗಳಿಗೂ ಅವು ತೆರೆದುಕೊಂಡವು. ಅವುಗಳ ದೈನಂದಿನ ಆಡಳಿತವು ರಾಜ್ಯಗಳಿಗೆ ವರ್ಗವಾದದ್ದು 1956ರ ನವೆಂಬರ್ 1ರಂದು, ಅಂದರೆ ವಿಶಾಲ ಮೈಸೂರು ರಾಜ್ಯ ಉದಯಿಸಿದ ದಿನದಂದೇ. 1959ರ ಅಧಿನಿಯಮವು ಖಾಲಿ ಹುದ್ದೆಗಳನ್ನು ಈ ಕಚೇರಿಗಳಿಗೆ ಕಡ್ಡಾಯವಾಗಿ ತಿಳಿಸಬೇಕೆಂದು ವಿಧಿಸಿತು. ಪದವಿ ಮುಗಿಸಿದೊಡನೆ ಜಿಲ್ಲಾ ಕೇಂದ್ರಕ್ಕೆ ಹೋಗಿ ಹೆಸರು ನೋಂದಾಯಿಸಿ, ಆ ಚೀಟಿಯನ್ನು ಮಡಚಿ ಪೆಟ್ಟಿಗೆಯಲ್ಲಿಟ್ಟು, ಕರೆಪತ್ರಕ್ಕಾಗಿ ವರ್ಷಗಟ್ಟಲೆ ಕಾದ ತಲೆಮಾರು ಇನ್ನೂ ನಮ್ಮ ನಡುವೆ ಇದೆ. ಮೈಸೂರು, ಮಂಗಳೂರು ಮುಂತಾದ ವಿಶ್ವವಿದ್ಯಾಲಯಗಳಲ್ಲಿ ಉದ್ಯೋಗ ಮಾಹಿತಿ ಮತ್ತು ಮಾರ್ಗದರ್ಶನ ಕೇಂದ್ರಗಳೂ ಸ್ಥಾಪನೆಗೊಂಡವು. ಕೇಂದ್ರ ಸರ್ಕಾರವು 2015ರಲ್ಲಿ ‘ನ್ಯಾಷನಲ್ ಕೆರಿಯರ್ ಸರ್ವೀಸ್’ ಎಂಬ ಜಾಲತಾಣವನ್ನು ಆರಂಭಿಸಿದ ಮೇಲೆ ಈ ನೋಂದಣಿಯ ಬಹುಭಾಗ ಅಂತರಜಾಲಕ್ಕೆ ಸಾಗಿದೆ.

ಶಿಕ್ಷಣದೊಳಗೇ ದುಡಿಮೆಯನ್ನು ತರುವ ಆಲೋಚನೆ ಇದಕ್ಕಿಂತ ಹಳೆಯದು. ಗಾಂಧೀಜಿಯವರು 1937ರಲ್ಲಿ ವಾರ್ಧಾದಲ್ಲಿ ಮಂಡಿಸಿದ ಮೂಲಶಿಕ್ಷಣದ ಯೋಜನೆಯಲ್ಲಿ ಕಸುಬೇ ಪಾಠದ ಕೇಂದ್ರವಾಗಿತ್ತು. 1964–66ರ ಕೊಠಾರಿ ಆಯೋಗವು ‘ಕಾರ್ಯಾನುಭವ’ವನ್ನು ಶಾಲಾಶಿಕ್ಷಣದ ಅವಿಭಾಜ್ಯ ಅಂಗವಾಗಿಸಬೇಕೆಂದು ಶಿಫಾರಸು ಮಾಡಿತು. ಆ ಶಿಫಾರಸು ನಮ್ಮ ಶಾಲೆಗಳ ವೇಳಾಪಟ್ಟಿಯಲ್ಲಿ ವಾರಕ್ಕೆರಡು ಅವಧಿಯಾಗಿ ಉಳಿಯಿತು. ಆ ಅವಧಿಗಳೂ ಪರೀಕ್ಷೆ ಹತ್ತಿರ ಬಂದಾಗ ಗಣಿತಕ್ಕೋ ಇಂಗ್ಲಿಷಿಗೋ ಸಲ್ಲುತ್ತಿದ್ದವು.

ಮಾಹಿತಿ ತಂತ್ರಜ್ಞಾನ ಉದ್ಯಮದ ಬೆಳವಣಿಗೆಯೊಂದಿಗೆ ಚರ್ಚೆಯ ದಿಕ್ಕು ಬದಲಾಯಿತು. ನಾಸ್ಕಾಂ ಸಂಸ್ಥೆ ಮತ್ತು ಮೆಕಿನ್ಸೆ ಸಲಹಾ ಸಂಸ್ಥೆಗಳು ಜೊತೆಗೂಡಿ 2005ರಲ್ಲಿ ಹೊರತಂದ ವರದಿಯು, ಭಾರತದ ತಾಂತ್ರಿಕ ಪದವೀಧರರಲ್ಲಿ ಸುಮಾರು ಶೇ. 25ರಷ್ಟು ಮತ್ತು ಸಾಮಾನ್ಯ ಪದವೀಧರರಲ್ಲಿ ಶೇ. 10ರಿಂದ 15ರಷ್ಟು ಮಂದಿ ಮಾತ್ರ ಆ ಉದ್ಯಮದ ಕೆಲಸಗಳಿಗೆ ಯೋಗ್ಯರು ಎಂದು ಅಂದಾಜಿಸಿತು. ಬೆಂಗಳೂರಿನ ಇನ್ಫೋಸಿಸ್ ಕಂಪನಿಯು ಎಂಜಿನಿಯರಿಂಗ್ ಕಾಲೇಜುಗಳಿಗಾಗಿ ‘ಕ್ಯಾಂಪಸ್ ಕನೆಕ್ಟ್’ ಎಂಬ ಕಾರ್ಯಕ್ರಮವನ್ನು 2004ರಲ್ಲಿಯೇ ಆರಂಭಿಸಿತ್ತು. ಹೊಸಬರ ತರಬೇತಿಗೆಂದು ಮೈಸೂರಿನಲ್ಲಿ ವಿಸ್ತಾರವಾದ ವಸತಿ ಕೇಂದ್ರವನ್ನೂ ಕಟ್ಟಿತು. ಒಂದು ಉದ್ಯಮವು ತನ್ನ ಅಗತ್ಯಕ್ಕೆ ತಕ್ಕಂತೆ ಮಾಡಿದ ಅಂದಾಜು ಕ್ರಮೇಣ ‘ನಮ್ಮ ಪದವೀಧರರು ಕೆಲಸಕ್ಕೆ ಬಾರದವರು’ ಎಂಬ ಸಾಮಾನ್ಯ ತೀರ್ಪಾಗಿ ಹರಡಿತು. ಅದೇ ಮಾನದಂಡದಿಂದ ಚನ್ನರಾಯಪಟ್ಟಣದ ಬಿ.ಎ. ವಿದ್ಯಾರ್ಥಿಯನ್ನೂ ಅಳೆದದ್ದು ಎಷ್ಟು ಸರಿ ಎಂಬ ಪ್ರಶ್ನೆ ಆಗ ಹೆಚ್ಚು ಏಳಲಿಲ್ಲ.

ಪದವಿ ಪಠ್ಯಕ್ರಮ

ರಾಷ್ಟ್ರೀಯ ಶಿಕ್ಷಣ ನೀತಿ 2020ರ ಅನ್ವಯ ಕರ್ನಾಟಕವು 2021–22ರಲ್ಲಿ ನಾಲ್ಕು ವರ್ಷಗಳ ಪದವಿಯನ್ನು ಜಾರಿಗೆ ತಂದಿತು. ಕೌಶಲಾಧಾರಿತ ಪತ್ರಿಕೆಗಳು ಅದರ ಭಾಗವಾಗಿದ್ದವು. ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯನ್ನು ಆಧರಿಸಿ 2024–25ರಿಂದ ಮೂರು ವರ್ಷಗಳ ಪದವಿಗೆ ಮರಳಲಾಯಿತು. ಅದೇ ವರ್ಷದಿಂದ ಕೆಲವು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಶಿಶಿಕ್ಷು ತರಬೇತಿಯನ್ನು ಒಳಗೊಂಡ ಪದವಿಗಳು ಆರಂಭವಾಗಿವೆ. ಇವುಗಳಲ್ಲಿ ವ್ಯಾಸಂಗದ ಒಂದು ಭಾಗವನ್ನು ವಿದ್ಯಾರ್ಥಿಯು ಉದ್ಯಮ ಸಂಸ್ಥೆಯಲ್ಲಿ ಕಳೆಯುತ್ತಾನೆ. ಅದಕ್ಕೆ ಶಿಷ್ಯವೇತನವೂ ಪರೀಕ್ಷಾ ಅಂಕಗಳ ಮಾನ್ಯತೆಯೂ ಇರುತ್ತವೆ. ಪ್ರವೇಶದ ಸಮಯದಲ್ಲಿ ಕಾಲೇಜಿನಲ್ಲಿ ಇಂಥ ವಿಭಾಗ ಇದೆಯೇ ಎಂದು ವಿಚಾರಿಸುವುದು ಅಗತ್ಯ, ಏಕೆಂದರೆ ನಡುವೆ ಸೇರಿಕೊಳ್ಳುವುದು ಸುಲಭವಲ್ಲ.

ಶಿಶಿಕ್ಷು ತರಬೇತಿ

ಶಿಶಿಕ್ಷು ಅಧಿನಿಯಮವನ್ನು ಸಂಸತ್ತು 1961ರಲ್ಲಿ ಅಂಗೀಕರಿಸಿತು. ಮೊದಲಿಗೆ ಅದು ಕಾರ್ಖಾನೆಗಳ ಕುಶಲಕರ್ಮಿಗಳಿಗೆ, ಅಂದರೆ ಫಿಟ್ಟರ್, ಟರ್ನರ್, ಎಲೆಕ್ಟ್ರಿಷಿಯನ್ ಮುಂತಾದವರಿಗೆ ಸಂಬಂಧಿಸಿತ್ತು. 1973ರ ತಿದ್ದುಪಡಿಯಿಂದ ಎಂಜಿನಿಯರಿಂಗ್ ಪದವೀಧರರೂ ಡಿಪ್ಲೊಮಾ ಪಡೆದವರೂ, 1986ರ ತಿದ್ದುಪಡಿಯಿಂದ ವೃತ್ತಿಶಿಕ್ಷಣದ ಪಿ.ಯು. ಮಟ್ಟದ ವಿದ್ಯಾರ್ಥಿಗಳೂ ಅದರ ವ್ಯಾಪ್ತಿಗೆ ಬಂದರು. ಬಿ.ಎ., ಬಿ.ಕಾಂ., ಬಿ.ಎಸ್ಸಿ. ಪದವೀಧರರ ಪಾಲಿಗೆ ನಿರ್ಣಾಯಕವಾದದ್ದು 2014ರ ತಿದ್ದುಪಡಿ. ಎಂಜಿನಿಯರಿಂಗೇತರ ಪದವಿಗಳನ್ನು ಅದು ಸ್ಪಷ್ಟವಾಗಿ ಸೇರಿಸಿತು. ಇಷ್ಟಾದರೂ ‘ಅಪ್ರೆಂಟಿಸ್’ ಎಂದೊಡನೆ ಐ.ಟಿ.ಐ. ಹುಡುಗನ ಎಣ್ಣೆಬಟ್ಟೆಯೇ ಕಣ್ಣಿಗೆ ಬರುವುದರಿಂದ, ಕಲಾ ವಿಭಾಗದ ವಿದ್ಯಾರ್ಥಿಗಳು ಇಂತಹ ಪ್ರಕಟಣೆಗಳನ್ನು ಓದದೆಯೇ ಪುಟ ತಿರುವುವುದುಂಟು.

ಕಾನೂನಿನ ಪ್ರಕಾರ 30 ಅಥವಾ ಅದಕ್ಕಿಂತ ಹೆಚ್ಚು ಮಂದಿ ದುಡಿಯುವ ಸಂಸ್ಥೆಗಳು ತಮ್ಮ ಒಟ್ಟು ಸಿಬ್ಬಂದಿಯ ಶೇ. 2.5ರಿಂದ 15ರಷ್ಟು ಶಿಶಿಕ್ಷುಗಳನ್ನು ತೆಗೆದುಕೊಳ್ಳಬೇಕು. ಪದವೀಧರರಿಗೆ ತರಬೇತಿಯ ಅವಧಿ ಸಾಮಾನ್ಯವಾಗಿ ಒಂದು ವರ್ಷ. 2019ರ ನಿಯಮಗಳು ಪದವೀಧರ ಶಿಶಿಕ್ಷುವಿನ ಕನಿಷ್ಠ ಶಿಷ್ಯವೇತನವನ್ನು ತಿಂಗಳಿಗೆ 9,000 ರೂಪಾಯಿ ಎಂದು ನಿಗದಿಪಡಿಸಿದವು. ಇದನ್ನು 12,300 ರೂಪಾಯಿಗೆ ಏರಿಸಬೇಕೆಂದು ಕೇಂದ್ರ ಶಿಶಿಕ್ಷು ಮಂಡಳಿಯು 2025ರ ಮೇ ತಿಂಗಳಲ್ಲಿ ಶಿಫಾರಸು ಮಾಡಿತು. ಕನಿಷ್ಠಕ್ಕಿಂತ ಹೆಚ್ಚು ಕೊಡಲು ಸಂಸ್ಥೆಗಳಿಗೆ ಅಡ್ಡಿಯಿಲ್ಲ. ಉದಾಹರಣೆಗೆ, ಬೆಂಗಳೂರಿನಲ್ಲಿ ಪ್ರಧಾನ ಕಚೇರಿಯುಳ್ಳ ಕೆನರಾ ಬ್ಯಾಂಕ್ 2024ರಲ್ಲಿ ದೇಶಾದ್ಯಂತ 3,000 ಪದವೀಧರ ಶಿಶಿಕ್ಷುಗಳಿಗೆ ಅರ್ಜಿ ಕರೆದಾಗ ತಿಂಗಳಿಗೆ 15,000 ರೂಪಾಯಿಯ ಶಿಷ್ಯವೇತನವನ್ನು ಘೋಷಿಸಿತ್ತು. ಅದರಲ್ಲಿ 4,500 ರೂಪಾಯಿ ಸರ್ಕಾರದ ಪಾಲು. ಯಾವುದೇ ವಿಷಯದ ಪದವಿ ಸಾಕಾಗಿತ್ತು. ಹಿಂದೂಸ್ತಾನ್ ಏರೋನಾಟಿಕ್ಸ್, ಭಾರತ್ ಎಲೆಕ್ಟ್ರಾನಿಕ್ಸ್ ಮೊದಲಾದ ಸಾರ್ವಜನಿಕ ಉದ್ಯಮಗಳೂ ಶಿಶಿಕ್ಷುಗಳಿಗಾಗಿ ಕಾಲಕಾಲಕ್ಕೆ ಪ್ರಕಟಣೆ ಹೊರಡಿಸುತ್ತವೆ.

ನೋಂದಣಿಯು ಕೇಂದ್ರ ಶಿಕ್ಷಣ ಸಚಿವಾಲಯದ ‘ನ್ಯಾಟ್ಸ್’ ಜಾಲತಾಣದಲ್ಲಿ ನಡೆಯುತ್ತದೆ. ಕರ್ನಾಟಕವು ಚೆನ್ನೈಯಲ್ಲಿರುವ ದಕ್ಷಿಣ ವಲಯದ ಶಿಶಿಕ್ಷು ತರಬೇತಿ ಮಂಡಳಿಯ ವ್ಯಾಪ್ತಿಗೆ ಸೇರಿದೆ. ಕೌಶಲಾಭಿವೃದ್ಧಿ ಸಚಿವಾಲಯದ ‘ನ್ಯಾಪ್ಸ್’ ಎಂಬ ಯೋಜನೆಯು 2016ರಿಂದ ಬೇರೆಯಾಗಿ ನಡೆಯುತ್ತಿದೆ. ಎರಡರ ಹೆಸರೂ ಒಂದೇ ಬಗೆಯಾಗಿರುವುದರಿಂದ ಅರ್ಜಿ ಹಾಕುವವರು ಗೊಂದಲಕ್ಕೊಳಗಾಗುತ್ತಾರೆ; ಪ್ರಕಟಣೆಯಲ್ಲಿ ಯಾವ ಜಾಲತಾಣದ ನೋಂದಣಿ ಸಂಖ್ಯೆ ಕೇಳಿದೆ ಎಂಬುದನ್ನು ಮೊದಲು ನೋಡಬೇಕು. ಹಿಂದೆ ಒಮ್ಮೆ ಶಿಶಿಕ್ಷುವಾಗಿದ್ದವರು ಮತ್ತು ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಕೆಲಸ ಮಾಡಿದ ಅನುಭವವುಳ್ಳವರು ಸಾಮಾನ್ಯವಾಗಿ ಅರ್ಹರಲ್ಲ. ಆದುದರಿಂದ ಇದು ಜೀವನದಲ್ಲಿ ಒಮ್ಮೆ ಮಾತ್ರ ಬಳಸಬಹುದಾದ ಅವಕಾಶ. ಎಲ್ಲಿ ಬಳಸಬೇಕೆಂಬುದನ್ನು ಯೋಚಿಸಿಯೇ ನಿರ್ಧರಿಸಬೇಕು.

ತರಬೇತಿ ಆರಂಭವಾಗುವ ಮುನ್ನ ಸಂಸ್ಥೆ ಮತ್ತು ಅಭ್ಯರ್ಥಿಯ ನಡುವೆ ಲಿಖಿತ ಕರಾರು ಆಗುತ್ತದೆ. ಅದು ಶಿಶಿಕ್ಷು ಸಲಹೆಗಾರರಲ್ಲಿ ನೋಂದಣಿಗೊಳ್ಳಬೇಕು. ಸಂಸ್ಥೆಯು ಕರಾರಿನಂತೆ ನಡೆಯದಿದ್ದರೆ ಅಭ್ಯರ್ಥಿಗೆ ಪರಿಹಾರ ಕೊಡಬೇಕಾಗುತ್ತದೆ. ಅಭ್ಯರ್ಥಿಯೇ ತಪ್ಪಿ ನಡೆದು ಕರಾರು ರದ್ದಾದರೆ ತರಬೇತಿಯ ವೆಚ್ಚವನ್ನು ಹಿಂದಿರುಗಿಸಬೇಕಾದೀತು. ಇನ್ನೊಂದು ನೌಕರಿಯ ಕರೆ ಬಂದೊಡನೆ ಹೇಳದೆ ಕೇಳದೆ ಬಿಟ್ಟುಹೋಗುವವರು ಈ ಭಾಗವನ್ನು ಓದಿರುವುದಿಲ್ಲ. ಸಲಹೆಗಾರರ ಒಪ್ಪಿಗೆಯಿಲ್ಲದೆ ಶಿಶಿಕ್ಷುವನ್ನು ನಿಗದಿತ ವೇಳೆಗಿಂತ ಹೆಚ್ಚು ದುಡಿಸುವಂತಿಲ್ಲ. ಕೆಲಸದ ವೇಳೆಯಲ್ಲಿ ಅಪಘಾತವಾದರೆ ಪರಿಹಾರದ ಹಕ್ಕಿದೆ.

ಮಿತಿಗಳನ್ನೂ ತಿಳಿದಿರಬೇಕು. ಕಾನೂನಿನ ದೃಷ್ಟಿಯಲ್ಲಿ ಶಿಶಿಕ್ಷುವು ಕಲಿಯುವವನೇ ಹೊರತು ಕೆಲಸಗಾರನಲ್ಲ. ಭವಿಷ್ಯ ನಿಧಿ ಇಲ್ಲ. ತರಬೇತಿ ಮುಗಿದ ಬಳಿಕ ಅದೇ ಸಂಸ್ಥೆ ನೌಕರಿ ಕೊಡಲೇಬೇಕೆಂಬ ನಿರ್ಬಂಧವೂ ಇಲ್ಲ. ಈ ವಿಷಯದಲ್ಲಿ ತನ್ನದೇ ನೀತಿಯನ್ನು ರೂಪಿಸಿಕೊಳ್ಳಲು 2014ರ ತಿದ್ದುಪಡಿಯು ಸಂಸ್ಥೆಗೆ ಅವಕಾಶ ನೀಡಿದೆ. ಹಾಗಾದರೆ ದೊರೆಯುವುದೇನು? ಸರ್ಕಾರದ ಮಾನ್ಯತೆಯುಳ್ಳ ಪ್ರಮಾಣಪತ್ರ, ಹನ್ನೆರಡು ತಿಂಗಳ ಹಾಜರಿ, ಮತ್ತು ಸಂದರ್ಶನದಲ್ಲಿ ‘ನಾನು ಮಾಡಿದ್ದೇನೆ’ ಎಂದು ಹೇಳಬಲ್ಲ ಕೆಲಸಗಳು. ಬ್ಯಾಂಕಿನ ಶಾಖೆಯಲ್ಲಿ ಒಂದು ವರ್ಷ ಗ್ರಾಹಕರ ಅರ್ಜಿಗಳನ್ನು ಪರಿಶೀಲಿಸಿದವಳಿಗೆ ಸಂವಹನ ಕೌಶಲದ ಎರಡು ದಿನಗಳ ಶಿಬಿರ ಕಲಿಸಲಾರದ್ದನ್ನು ಆ ಶಾಖೆಯ ಸರತಿ ಸಾಲೇ ಕಲಿಸಿರುತ್ತದೆ.

ಇಂಟರ್ನ್‌ಶಿಪ್

ಇಂಟರ್ನ್‌ಶಿಪ್ ಶಿಶಿಕ್ಷು ತರಬೇತಿಗಿಂತ ಚಿಕ್ಕದು, ಸಡಿಲವಾದುದು. ಹೆಚ್ಚಿನ ಸಂದರ್ಭಗಳಲ್ಲಿ ಯಾವ ಅಧಿನಿಯಮದ ರಕ್ಷಣೆಯೂ ಇಲ್ಲದ್ದು. ನಾಲ್ಕಾರು ವಾರಗಳಿಂದ ಆರು ತಿಂಗಳವರೆಗೆ ಇರಬಹುದು. ವೇತನವಿರಬಹುದು, ಇಲ್ಲದಿರಬಹುದು. ಕೇಂದ್ರ ಸರ್ಕಾರವು 2024ರ ಅಕ್ಟೋಬರಿನಲ್ಲಿ ಪ್ರಾಯೋಗಿಕವಾಗಿ ಆರಂಭಿಸಿದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಯಲ್ಲಿ 21ರಿಂದ 24 ವರ್ಷ ವಯಸ್ಸಿನ, ಪೂರ್ಣಾವಧಿ ಓದು ಅಥವಾ ಉದ್ಯೋಗದಲ್ಲಿಲ್ಲದ ಯುವಜನರಿಗೆ ದೊಡ್ಡ ಕಂಪನಿಗಳಲ್ಲಿ 12 ತಿಂಗಳ ಅವಕಾಶವಿತ್ತು. ತಿಂಗಳಿಗೆ 5,000 ರೂಪಾಯಿ ಹಾಗೂ ಒಮ್ಮೆ 6,000 ರೂಪಾಯಿಯ ನೆರವನ್ನು ನಿಗದಿಪಡಿಸಲಾಗಿತ್ತು.

ಪಠ್ಯಕ್ರಮದಲ್ಲಿ ಇಂಟರ್ನ್‌ಶಿಪ್ ಕಡ್ಡಾಯವಾದ ಕಡೆಗಳಲ್ಲಿ ಒಂದು ವಿಚಿತ್ರ ವ್ಯಾಪಾರ ಹುಟ್ಟಿಕೊಂಡಿದೆ. ವಿದ್ಯಾರ್ಥಿಯಿಂದಲೇ ಶುಲ್ಕ ಪಡೆದು, ಮನೆಯಲ್ಲಿ ಕುಳಿತು ನೋಡಬಹುದಾದ ಕೆಲವು ವೀಡಿಯೊಗಳನ್ನು ಕಳುಹಿಸಿ, ತಿಂಗಳ ಕೊನೆಗೆ ಪ್ರಮಾಣಪತ್ರ ನೀಡುವ ಏಜೆನ್ಸಿಗಳು ಇವೆ. ಕೆಲಸ ಕಲಿಯಲು ಹಣ ತೆರುವುದು ತರಬೇತಿ ಕೋರ್ಸ್ ಆದೀತೇ ಹೊರತು ಇಂಟರ್ನ್‌ಶಿಪ್ ಆಗಲಾರದು. ನೋಂದಣಿ ಶುಲ್ಕ, ಭದ್ರತಾ ಠೇವಣಿ, ಲ್ಯಾಪ್‌ಟಾಪ್ ಸಾಗಣೆಯ ವೆಚ್ಚ ಎಂದು ಮುಂಗಡ ಹಣ ಕೇಳುವ ನೌಕರಿಯ ಕರೆಗಳೂ ವಂಚನೆಯೇ ಆಗಿರುವ ಸಾಧ್ಯತೆ ಹೆಚ್ಚು. ಮೂಲ ಅಂಕಪಟ್ಟಿಗಳನ್ನು ಒತ್ತೆಯಂತೆ ಇಟ್ಟುಕೊಳ್ಳುವ ಸಂಸ್ಥೆಗೆ ಅವುಗಳನ್ನು ಒಪ್ಪಿಸಬಾರದು. ಪರಿಶೀಲನೆಗೆ ತೋರಿಸಿ ಹಿಂದಕ್ಕೆ ಪಡೆಯುವುದು ಸರಿಯಾದ ಕ್ರಮ.

ಇದಕ್ಕೆ ಪ್ರತಿಯಾಗಿ, ಊರಿನಲ್ಲಿಯೇ ದೊರೆಯುವ ಕೆಲಸಗಳನ್ನು ವಿದ್ಯಾರ್ಥಿಗಳು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಾಲು ಉತ್ಪಾದಕರ ಸಂಘದ ಲೆಕ್ಕಪುಸ್ತಕ, ಲೆಕ್ಕಪರಿಶೋಧಕರ ಕಚೇರಿಯ ಜಿಎಸ್‌ಟಿ ವಿವರಪಟ್ಟಿ, ಗ್ರಾಮ ಪಂಚಾಯಿತಿಯ ಗ್ರಂಥಾಲಯ, ತಾಲ್ಲೂಕು ಕೇಂದ್ರದ ಮುದ್ರಣಾಲಯ, ಸ್ಥಳೀಯ ಪತ್ರಿಕೆಯ ಕಚೇರಿ, ಇವುಗಳಲ್ಲಿ ರಜೆಯ ಎರಡು ತಿಂಗಳು ಕಳೆದವನಿಗೆ ಹೇಳಿಕೊಳ್ಳಲು ಏನಾದರೂ ಇರುತ್ತದೆ. ಮಾಡಿದ ಕೆಲಸ, ಅವಧಿ ಮತ್ತು ಮೇಲ್ವಿಚಾರಕರ ಸಹಿ ಇರುವ ಒಂದು ಪುಟದ ಪತ್ರವನ್ನು ಬರೆಯಿಸಿಕೊಂಡರೆ ಆಯಿತು.

ಭಾಷೆ

ವೃತ್ತಿ ಸಿದ್ಧತೆಯ ಮಾತು ಬಂದಾಗ ‘ಇಂಗ್ಲಿಷ್ ಬಾರದು’ ಎಂಬ ಕೊರಗೇ ಮೊದಲು ಕೇಳಿಬರುತ್ತದೆ. ಖಾಸಗಿ ವಲಯದ ಅನೇಕ ಕೆಲಸಗಳಿಗೆ ಇಂಗ್ಲಿಷ್ ಅವಶ್ಯವೆಂಬುದು ನಿಜ. ಆದರೆ ಅಲ್ಲಿ ಬೇಕಾಗುವುದು ಭಾಷಣದ ಇಂಗ್ಲಿಷ್ ಅಲ್ಲ. ಬಂದ ಪತ್ರವನ್ನು ಓದಿ ಅರ್ಥ ಮಾಡಿಕೊಳ್ಳುವುದು, ಐದು ಸಾಲಿನ ಇ–ಮೇಲ್ ಬರೆಯುವುದು, ದೂರವಾಣಿಯಲ್ಲಿ ಹೆಸರು–ಸಂಖ್ಯೆಗಳನ್ನು ತಪ್ಪಿಲ್ಲದೆ ಹೇಳುವುದು ಮತ್ತು ಬರೆದುಕೊಳ್ಳುವುದು, ಇವಿಷ್ಟು ಮೊದಲ ವರ್ಷದ ಅಗತ್ಯ. ದಿನಕ್ಕೊಂದು ನಿಜವಾದ ಇ–ಮೇಲ್ ಬರೆದು ಉಪನ್ಯಾಸಕರಿಂದ ತಿದ್ದಿಸಿಕೊಳ್ಳುವ ವಿದ್ಯಾರ್ಥಿಗೆ ಒಂದು ಸೆಮಿಸ್ಟರಿನಲ್ಲಿ ಆಗುವ ಪ್ರಗತಿಯು ‘ಮೂವತ್ತು ದಿನಗಳಲ್ಲಿ ಇಂಗ್ಲಿಷ್’ ಪುಸ್ತಕದಿಂದ ಆಗುವುದಿಲ್ಲ.

ಕನ್ನಡವೂ ಒಂದು ವೃತ್ತಿ ಅರ್ಹತೆ ಎಂಬುದು ಮರೆತುಹೋಗಿದೆ. ಬ್ಯಾಂಕುಗಳ ಗುಮಾಸ್ತ ಹುದ್ದೆಗಳಿಗೂ ಮೇಲೆ ಹೇಳಿದ ಶಿಶಿಕ್ಷು ಸ್ಥಾನಗಳಿಗೂ ಸ್ಥಳೀಯ ಭಾಷೆಯ ಜ್ಞಾನ ಕಡ್ಡಾಯ. ಶಾಲೆಯಲ್ಲಿ ಆ ಭಾಷೆಯನ್ನು ಓದಿದ್ದಕ್ಕೆ ಅಂಕಪಟ್ಟಿಯೇ ಆಧಾರ. ಇಲ್ಲದವರು ಭಾಷಾ ಪರೀಕ್ಷೆಯನ್ನು ಎದುರಿಸಬೇಕು. 1ರಿಂದ 10ನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ರಾಜ್ಯ ಸರ್ಕಾರದ ನೇರ ನೇಮಕಾತಿಯಲ್ಲಿ ಮೀಸಲಾತಿ ಇದೆ. ಪ್ರಾದೇಶಿಕ ಗ್ರಾಮೀಣ ಬ್ಯಾಂಕುಗಳ ನೇಮಕಾತಿ ಪರೀಕ್ಷೆಯನ್ನು ಕನ್ನಡದಲ್ಲಿಯೂ ಬರೆಯಲು 2019ರಿಂದ ಅವಕಾಶ ದೊರೆತಿದೆ. ಯೂನಿಕೋಡ್‌ನಲ್ಲಿ ವೇಗವಾಗಿ ಕನ್ನಡ ಬೆರಳಚ್ಚು ಮಾಡಬಲ್ಲ, ಇಂಗ್ಲಿಷ್ ಸುತ್ತೋಲೆಯನ್ನು ತಿಳಿಗನ್ನಡದಲ್ಲಿ ಬರೆಯಬಲ್ಲ ಪದವೀಧರರು ಕಚೇರಿಗಳಲ್ಲಿ, ಪ್ರಕಾಶನ ಸಂಸ್ಥೆಗಳಲ್ಲಿ, ಗ್ರಾಹಕ ಸೇವಾ ಕೇಂದ್ರಗಳಲ್ಲಿ ಬೇಕಾಗುತ್ತಾರೆ. ಕನ್ನಡ ಐಚ್ಛಿಕ ವಿಷಯವಾಗಿ ಓದಿದ್ದನ್ನು ಸ್ವವಿವರದಲ್ಲಿ ಸಂಕೋಚದಿಂದ ಕೊನೆಯ ಸಾಲಿಗೆ ತಳ್ಳಬೇಕಾಗಿಲ್ಲ.

ದಾಖಲೆಪತ್ರಗಳು

ಪರೀಕ್ಷೆ, ಸಂದರ್ಶನ ಎಲ್ಲವನ್ನೂ ದಾಟಿದವರು ದಾಖಲೆ ಪರಿಶೀಲನೆಯಲ್ಲಿ ಎಡವುವುದು ಅಪರೂಪವಲ್ಲ. ಮುಖ್ಯ ತೊಡಕು ಹೆಸರಿನದು. ಮಗುವನ್ನು ಒಂದನೆಯ ತರಗತಿಗೆ ಸೇರಿಸುವಾಗ ಶಿಕ್ಷಕರು ದಾಖಲಾತಿ ಪುಸ್ತಕದಲ್ಲಿ ಬರೆದ ಹೆಸರೇ ಎಸ್.ಎಸ್.ಎಲ್.ಸಿ. ಅಂಕಪಟ್ಟಿಯವರೆಗೆ ಸಾಗಿಬರುತ್ತದೆ. ಅಲ್ಲಿ ‘ಮಂಜುನಾಥ ಎಚ್.’ ಎಂದಿದ್ದವನು ಆಧಾರ್‌ನಲ್ಲಿ ‘ಮಂಜುನಾಥ ಹನುಮಂತಪ್ಪ’ ಆಗಿ, ಬ್ಯಾಂಕ್ ಪುಸ್ತಕದಲ್ಲಿ ‘ಎಚ್. ಮಂಜು’ ಆಗಿರುತ್ತಾನೆ. ಉತ್ತರ ಕರ್ನಾಟಕದವರಿಗೆ ಅಡ್ಡಹೆಸರು, ಹಳೆ ಮೈಸೂರಿನವರಿಗೆ ಇನಿಷಿಯಲ್, ಮದುವೆಯಾದ ಹೆಣ್ಣುಮಕ್ಕಳಿಗೆ ಗಂಡನ ಹೆಸರು, ಹೀಗೆ ವ್ಯತ್ಯಾಸಕ್ಕೆ ಕಾರಣಗಳು ಹಲವು. ಆ ಪುಸ್ತಕದಲ್ಲಿ ಅವಸರದಿಂದ ಬರೆದ ಒಂದು ಅಕ್ಷರ ಇಪ್ಪತ್ತು ವರ್ಷಗಳ ಅನಂತರ ಯಾರದೋ ನೌಕರಿಗೆ ಅಡ್ಡ ಬರುತ್ತದೆಂದು ಬರೆಯುವಾಗ ನಮಗೆ ತೋಚುತ್ತಿರಲಿಲ್ಲ. ತಿದ್ದುಪಡಿಗಾಗಿ ಹಳೆಯ ವಿದ್ಯಾರ್ಥಿಗಳು ಶಾಲೆಯ ಬಾಗಿಲಿಗೆ ಬಂದಾಗಲೇ ಅದು ಅರಿವಾದದ್ದು.

ಎಸ್.ಎಸ್.ಎಲ್.ಸಿ. ಅಂಕಪಟ್ಟಿಯೇ ಜನ್ಮದಿನಾಂಕಕ್ಕೂ ಹೆಸರಿಗೂ ಬಹುತೇಕ ಎಲ್ಲೆಡೆ ಆಧಾರವಾಗುವುದರಿಂದ ಉಳಿದ ದಾಖಲೆಗಳನ್ನು ಅದಕ್ಕೆ ಹೊಂದಿಸುವುದು ಸುಲಭವಾದ ದಾರಿ. ಅಂಕಪಟ್ಟಿಯಲ್ಲಿಯೇ ತಪ್ಪಿದ್ದರೆ ಓದಿದ ಶಾಲೆಯ ಮುಖ್ಯೋಪಾಧ್ಯಾಯರ ಮೂಲಕ ಪರೀಕ್ಷಾ ಮಂಡಳಿಗೆ ಪ್ರಸ್ತಾವ ಹೋಗಬೇಕು. ಜನ್ಮದಿನಾಂಕದ ತಿದ್ದುಪಡಿಗಂತೂ ಸಾಮಾನ್ಯವಾಗಿ ನ್ಯಾಯಾಲಯದ ಆದೇಶ ಬೇಕಾಗುತ್ತದೆ. ಈ ಕೆಲಸವನ್ನು ಪದವಿಯ ಮೊದಲ ವರ್ಷದಲ್ಲಿಯೇ ಕೈಗೆತ್ತಿಕೊಳ್ಳುವುದು ಲೇಸು. ಕನ್ನಡ ಮಾಧ್ಯಮ ಮತ್ತು ಗ್ರಾಮೀಣ ವ್ಯಾಸಂಗದ ಪ್ರಮಾಣಪತ್ರಗಳು, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371(ಜೆ) ವಿಧಿಯ ಅರ್ಹತಾ ಪ್ರಮಾಣಪತ್ರ, ಇವುಗಳ ದಿನಾಂಕವು ಅರ್ಜಿಯ ಕೊನೆಯ ದಿನಾಂಕದೊಳಗೆ ಇರಬೇಕಾಗುತ್ತದೆ. 2015ರಲ್ಲಿ ಆರಂಭವಾದ ಡಿಜಿಲಾಕರ್‌ನಲ್ಲಿ ಅಂಕಪಟ್ಟಿಗಳನ್ನು ಪಡೆದಿಟ್ಟುಕೊಂಡರೆ ಮೂಲಪ್ರತಿ ಕಳೆದುಹೋದಾಗಲೂ ಅರ್ಜಿ ನಿಲ್ಲುವುದಿಲ್ಲ.

ಸ್ವವಿವರವು ಒಂದು ಪುಟ, ಹೆಚ್ಚೆಂದರೆ ಎರಡು ಪುಟ ಇರಬೇಕು. ಅದರಲ್ಲಿ ಬರೆದ ಪ್ರತಿಯೊಂದು ಸಾಲಿನ ಮೇಲೂ ಪ್ರಶ್ನೆ ಬರಬಹುದು ಎಂದು ತಿಳಿದೇ ಬರೆಯಬೇಕು. ಓದುವುದು ಹವ್ಯಾಸ ಎಂದು ಬರೆದವರಿಗೆ ಇತ್ತೀಚೆಗೆ ಓದಿದ ಪುಸ್ತಕ ಯಾವುದೆಂಬ ಪ್ರಶ್ನೆ ಖಂಡಿತ.

ಸ್ಪರ್ಧಾತ್ಮಕ ಪರೀಕ್ಷೆಗಳು

ಕರ್ನಾಟಕದ ಸಾಮಾನ್ಯ ಪದವೀಧರರಲ್ಲಿ ದೊಡ್ಡ ಸಂಖ್ಯೆಯವರು ಸರ್ಕಾರಿ ನೇಮಕಾತಿ ಪರೀಕ್ಷೆಗಳಿಗೆ ಓದುತ್ತಾರೆ. ಧಾರವಾಡದ ಸಪ್ತಾಪುರ, ಬೆಂಗಳೂರಿನ ವಿಜಯನಗರ ಈ ಓದಿನ ಕೇಂದ್ರಗಳಾಗಿ ಬೆಳೆದಿವೆ. ಅಧಿಸೂಚನೆಗಳು ವಿಳಂಬವಾಗುವುದು, ಪರೀಕ್ಷೆ ಮುಂದೂಡಿಕೆ, ನ್ಯಾಯಾಲಯದ ವ್ಯಾಜ್ಯ ಇವುಗಳ ನಡುವೆ ನಾಲ್ಕೈದು ವರ್ಷಗಳು ಕಳೆದುಹೋಗುತ್ತವೆ. ಆ ಅವಧಿಯಲ್ಲಿ ಬೇರೆ ಯಾವ ಕೆಲಸವನ್ನೂ ಮಾಡದವರಿಗೆ ಅನಂತರ ಖಾಸಗಿ ವಲಯದ ಬಾಗಿಲು ಕಿರಿದಾಗುತ್ತದೆ. ವಯೋಮಿತಿಯ ಲೆಕ್ಕ ಹಾಕುವವರು ಈ ಲೆಕ್ಕವನ್ನೂ ಹಾಕಬೇಕು. ಶಿಶಿಕ್ಷು ತರಬೇತಿಯ ವರ್ಷದಲ್ಲಿ ಬೆಳಗ್ಗೆ ಮತ್ತು ರಾತ್ರಿ ಓದಿಕೊಳ್ಳುವುದು ಕಷ್ಟವಾದರೂ ಅಸಾಧ್ಯವಲ್ಲ.

ಸ್ವಉದ್ಯೋಗ

ಎಲ್ಲ ವೃತ್ತಿಗಳೂ ನೌಕರಿಗಳಲ್ಲ. ದಕ್ಷಿಣ ಕನ್ನಡ ಜಿಲ್ಲೆಯ ಬೆಳ್ತಂಗಡಿ ತಾಲ್ಲೂಕಿನ ಉಜಿರೆಯಲ್ಲಿ 1982ರಲ್ಲಿ ಸ್ಥಾಪನೆಯಾದ ರುಡ್‌ಸೆಟಿ ಸಂಸ್ಥೆಯು ಈ ನಿಟ್ಟಿನಲ್ಲಿ ದೇಶಕ್ಕೇ ಮಾದರಿಯಾಯಿತು. ಧರ್ಮಸ್ಥಳದ ಧರ್ಮಾಧಿಕಾರಿ ಡಿ. ವೀರೇಂದ್ರ ಹೆಗ್ಗಡೆಯವರ ಮುಂದಾಳುತನದಲ್ಲಿ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಶಿಕ್ಷಣ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಸೇರಿ ಅದನ್ನು ಕಟ್ಟಿದವು. ಹೊಲಿಗೆ, ಮೊಬೈಲ್ ದುರಸ್ತಿ, ಛಾಯಾಗ್ರಹಣ, ಹೈನುಗಾರಿಕೆ, ದ್ವಿಚಕ್ರ ವಾಹನ ದುರಸ್ತಿ ಮುಂತಾದ ಅಲ್ಪಾವಧಿಯ ತರಬೇತಿಗಳನ್ನು ಊಟ–ವಸತಿ ಸಹಿತ ಉಚಿತವಾಗಿ ನೀಡಲಾಗುತ್ತದೆ. ತರಬೇತಿಯ ದಿನಗಳು ಕಡಿಮೆ, ಅನಂತರದ ಅನುಸರಣೆ ದೀರ್ಘ ಎಂಬುದು ಇಲ್ಲಿನ ವಿಶೇಷ: ಕಲಿತವನು ಅಂಗಡಿ ತೆರೆದನೇ, ಸಾಲ ದೊರೆಯಿತೇ, ವ್ಯವಹಾರ ನಿಂತಿತೇ ಎಂದು ಎರಡು ವರ್ಷಗಳವರೆಗೆ ವಿಚಾರಿಸುತ್ತಾರೆ. ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವು 2009ರಲ್ಲಿ ಇದೇ ಮಾದರಿಯನ್ನು ಅನುಸರಿಸಿ, ಬ್ಯಾಂಕುಗಳ ಮೂಲಕ ಜಿಲ್ಲೆಗೊಂದು ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಯನ್ನು ಸ್ಥಾಪಿಸುವ ಕಾರ್ಯಕ್ರಮವನ್ನು ಕೈಗೊಂಡಿತು. ಪದವೀಧರರು ಇಲ್ಲಿಗೆ ಬರಲು ಹಿಂಜರಿಯುವುದಕ್ಕೆ ಕಾರಣ ತರಬೇತಿಯ ಕೊರತೆಯಲ್ಲ. ಪದವಿ ಪಡೆದು ಹೊಲಿಗೆಯಂತ್ರದ ಮುಂದೆ ಕೂರುವುದೇ ಎಂಬ ಮನೆಯವರ ಮಾತು.

ಟೀಕೆಗಳು

ವೃತ್ತಿ ಸಿದ್ಧತೆಯ ಚರ್ಚೆಯು ನಿರುದ್ಯೋಗದ ಹೊಣೆಯನ್ನೆಲ್ಲ ವಿದ್ಯಾರ್ಥಿಯ ತಲೆಗೆ ಕಟ್ಟುತ್ತದೆ ಎಂಬುದು ಪ್ರಮುಖ ಆಕ್ಷೇಪ. 2023–24ರ ಕೇಂದ್ರ ಆರ್ಥಿಕ ಸಮೀಕ್ಷೆಯು ಯುವಜನರಲ್ಲಿ ಶೇ. 51.25ರಷ್ಟು ಮಂದ ಮಾತ್ರ ಉದ್ಯೋಗಕ್ಕೆ ಅರ್ಹರು ಎಂಬ ಅಂಕಿಯನ್ನು ಉಲ್ಲೇಖಿಸಿತು. ಆ ಅರ್ಹರಿಗಾದರೂ ಸಾಕಷ್ಟು ಕೆಲಸಗಳಿವೆಯೇ ಎಂಬ ಮರುಪ್ರಶ್ನೆಯನ್ನು ವಿಮರ್ಶಕರು ಎತ್ತುತ್ತಾರೆ. ಕರ್ನಾಟಕ ಸರ್ಕಾರದ ಯುವನಿಧಿ ಯೋಜನೆಯ ಅಡಿಯಲ್ಲಿ ಪದವಿ ಪಡೆದು 180 ದಿನಗಳಾದರೂ ಕೆಲಸ ದೊರೆಯದವರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಪಡೆದವರಿಗೆ 1,500 ರೂಪಾಯಿಯನ್ನು ಗರಿಷ್ಠ ಎರಡು ವರ್ಷ ನೀಡಲಾಗುತ್ತದೆ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಇದಕ್ಕೆ ಚಾಲನೆ ದೊರೆಯಿತು. ಶಿಶಿಕ್ಷುಗಳನ್ನು ಕೆಲವು ಸಂಸ್ಥೆಗಳು ಅಗ್ಗದ ಆಳುಗಳಂತೆ ಬಳಸಿಕೊಂಡು, ವರ್ಷ ಮುಗಿದೊಡನೆ ಹೊಸ ತಂಡವನ್ನು ತರುತ್ತವೆ ಎಂಬ ದೂರೂ ಇದೆ.

ಇನ್ನೊಂದು ತೊಡಕು ಸ್ಥಳದ್ದು. ಕಾನೂನು ಎಲ್ಲರಿಗೂ ಒಂದೇ ಆದರೂ 30 ಮಂದಿಗಿಂತ ಹೆಚ್ಚು ಸಿಬ್ಬಂದಿಯುಳ್ಳ ಸಂಸ್ಥೆಗಳು ಬೆಂಗಳೂರು ಮತ್ತು ಕೆಲವೇ ನಗರಗಳಲ್ಲಿ ಗುಂಪುಗೂಡಿವೆ. 9,000 ರೂಪಾಯಿಯಲ್ಲಿ ಬೆಂಗಳೂರಿನ ಪಿ.ಜಿ. ಬಾಡಿಗೆ ಕಟ್ಟಿ ಊಟ ಮಾಡಿ ಉಳಿಯುವುದೇನೂ ಇಲ್ಲ. ಯಾದಗಿರಿಯ ವಿದ್ಯಾರ್ಥಿನಿಗೆ ಆ ಅವಕಾಶವು ಕಾಗದದ ಮೇಲೆ ಮಾತ್ರ ಇದ್ದಂತೆ. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಿಂದಾಗಿ ಮಹಿಳೆಯರಿಗೆ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತವಾಗಿರುವುದರಿಂದ, ಜಿಲ್ಲಾ ಕೇಂದ್ರದ ಬ್ಯಾಂಕ್ ಶಾಖೆಗೋ ಕಾರ್ಖಾನೆಗೋ ಮನೆಯಿಂದಲೇ ದಿನವೂ ಹೋಗಿಬರುವುದು ಕೆಲವರಿಗೆ ಸಾಧ್ಯವಾಗಿದೆ. ಸಂಜೆಯ ಕೊನೆಯ ಬಸ್ಸು ಕಚೇರಿ ಮುಚ್ಚುವ ವೇಳೆಗಿಂತ ಮೊದಲೇ ಹೊರಡುವ ಊರುಗಳಲ್ಲಿ ಅದೂ ಆಗುವುದಿಲ್ಲ.